ಆದಿಕವಿಯ ಅಡ್ರೆಸ್ ಯಾವುದು?

ವೀಕ್ಷಕರೇ, ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಕನ್ನಡದ ಆದಿಕವಿ ಯಾರು? ಪಂಪ. ಇದಕ್ಕೆ ಐದನೇ ಕ್ಲಾಸಿನ ಹುಡುಗನೂ ಥಟ್ ಅಂತ ಉತ್ತರ ಹೇಳ್ತಾನೆ. ಸರಿ, ಎರಡನೇ ಪ್ರಶ್ನೆ. ಪಂಪ ಯಾವ ಊರಿನವನು? ಇಲ್ಲಿ ಸ್ವಲ್ಪ ತಡವಾಗುತ್ತೆ. ಕೆಲವರು ಬನವಾಸಿ ಅಂತಾರೆ. ಕೆಲವರು ಅಣ್ಣಿಗೇರಿ ಅಂತಾರೆ. ವಿದ್ವಾಂಸರ ನಡುವೆ ಈ ವಾದ ಇವತ್ತಿಗೂ ಮುಗಿದಿಲ್ಲ. ಮೂರನೇ ಪ್ರಶ್ನೆ ಕೇಳಿದರೆ ಬಹಳ ಜನ ಸುಮ್ಮನಾಗ್ತಾರೆ. ಪಂಪ ಆಸ್ಥಾನ ಕವಿಯಾಗಿದ್ದದ್ದು, ಕಾವ್ಯ ಬರೆದು ರಾಜನಿಂದ ಒಂದು ಊರನ್ನೇ ಬಹುಮಾನವಾಗಿ ಪಡೆದದ್ದು ಎಲ್ಲಿ? ಇವತ್ತಿನ ತೆಲಂಗಾಣದಲ್ಲಿ.

ಒಂದು ಕಲ್ಪನೆ ಮಾಡಿಕೊಳ್ಳಿ. ಪಂಪ ಇವತ್ತು ಯಾವುದೋ ಸರ್ಕಾರಿ ಕಚೇರಿಗೆ ಬಂದು ಅರ್ಜಿ ತುಂಬುತ್ತಿದ್ದಾನೆ. ಮನೆತನದ ಮೂಲ: ವೆಂಗಿ, ಅಂದರೆ ಇವತ್ತಿನ ಆಂಧ್ರ. ಹಾಲಿ ವಿಳಾಸ: ವೇಮುಲವಾಡ, ಅಂದರೆ ಇವತ್ತಿನ ತೆಲಂಗಾಣ. ತಾಯಿಯ ಕಡೆಯವರ ಊರು: ಅಣ್ಣಿಗೇರಿ, ಧಾರವಾಡ ಜಿಲ್ಲೆ. ಪೂರ್ವಜರ ಧರ್ಮ: ವೈದಿಕ. ಸ್ವಂತ ಧರ್ಮ: ಜೈನ. ಬರೆಯುವ ಭಾಷೆ: ಕನ್ನಡ. ಕೌಂಟರಿನಲ್ಲಿ ಕೂತವರು ಅರ್ಜಿಯನ್ನು ಎರಡು ಸಲ ತಿರುಗಿಸಿ ನೋಡಿ, "ಸ್ವಾಮಿ, ಇದರಲ್ಲಿ ನೀವು ಯಾರು ಅಂತ ಸರಿಯಾಗಿ ಬರೀರಿ" ಅಂತ ವಾಪಸ್ ಕೊಡ್ತಾರೆ.

ಇದು ತಮಾಷೆಗೆ ಹೇಳಿದ ಮಾತಲ್ಲ. ಪ್ರತಿ ನವೆಂಬರ್‌ನಲ್ಲಿ ನಮ್ಮ ಸ್ಟುಡಿಯೋದಲ್ಲಿ ಒಂದು ಡಿಬೇಟ್ ನಡೆಯುತ್ತೆ. ವಿಷಯ ಏನೇ ಇರಲಿ, ನಡುವೆ ಒಬ್ಬರಾದರೂ ಎದ್ದು ಕೇಳ್ತಾರೆ: "ಅವರು ಅಸಲಿ ಕನ್ನಡದವರೇನ್ರೀ? ಅವರ ಮನೇಲಿ ಮಾತಾಡೋದು ಯಾವ ಭಾಷೆ?" ಸಾಹಿತಿ ಇರಲಿ, ಸಿನಿಮಾ ನಟಿ ಇರಲಿ, ಗಾಯಕ ಇರಲಿ, ಮೊದಲು ಮನೆ ಹುಡುಕ್ತೀವಿ. ಆಮೇಲೆ ಜಾತಿ, ಆಮೇಲೆ ಧರ್ಮ. ಕೃತಿಯ ಸರದಿ ಕೊನೆಗೆ, ಅದೂ ಸಮಯ ಉಳಿದರೆ. ಹಾಗಾಗಿ ನಾನು ಈ ಪರೀಕ್ಷೆಯನ್ನು ಬುಡದಿಂದಲೇ ಮಾಡಿ ನೋಡೋಣ ಅಂದುಕೊಂಡೆ. ಕನ್ನಡದ ಮೊದಲ ಮಹಾಕವಿಯ ಮನೆಯೊಳಗೆ ಹೋಗಿ ನೋಡೋಣ. ಅಲ್ಲಿ ಏನಿತ್ತು? ಅದು ಅವನ ಕಾವ್ಯದೊಳಗೆ ಹೇಗೆ ಬಂತು?

ಆ ಮನೆಯ ಬಾಗಿಲು ತೆರೆಯುವ ಕೀಲಿಕೈ ಒಂದು ಬಂಡೆಯ ಮೇಲಿದೆ.

ತೆಲಂಗಾಣದ ಕರೀಂನಗರ ಜಿಲ್ಲೆ. ಗಂಗಾಧರ ಮಂಡಲದಲ್ಲಿ ಕುರಿಕ್ಯಾಲ ಎಂಬ ಊರು. ಅದರ ಹತ್ತಿರ ಒಂದು ಕಲ್ಲುಗುಡ್ಡ. ಜನ ಅದನ್ನು ಬೊಮ್ಮಲಗುಟ್ಟ ಅಂತಾರೆ. ಬೊಮ್ಮಲು ಅಂದರೆ ಗೊಂಬೆಗಳು, ಗುಟ್ಟ ಅಂದರೆ ಗುಡ್ಡ. ಬಂಡೆಯ ಮೇಲೆ ಜಿನರ ಮೂರ್ತಿಗಳನ್ನೂ ಚಕ್ರೇಶ್ವರಿಯನ್ನೂ ಕೆತ್ತಿದ್ದಾರೆ, ಅದಕ್ಕೇ ಆ ಹೆಸರು. ಮೂರ್ತಿಗಳ ಜೊತೆ ಹತ್ತನೇ ಶತಮಾನದ ಒಂದು ಶಾಸನ ಇದೆ. ಆ ಶಾಸನ ಒಂದು ಭಾಷೆಯಲ್ಲಿಲ್ಲ, ಮೂರು ಭಾಷೆಗಳಲ್ಲಿದೆ. ಸಂಸ್ಕೃತ, ಕನ್ನಡ ಮತ್ತು ತೆಲುಗು.

ಬರೆಸಿದವನು ಜಿನವಲ್ಲಭ. ಪಂಪನ ತಮ್ಮ.

ಕನ್ನಡದ ಆದಿಕವಿಗೆ ಒಬ್ಬ ತಮ್ಮ ಇದ್ದ ಅನ್ನೋದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆ ತಮ್ಮ ಬಂಡೆಯ ಮೇಲೆ ತನ್ನ ಮನೆತನದ ವಿವರವನ್ನು ಇಂದಿನ ಬಯೋಡೇಟಾ ಥರ ಬರೆಸಿದ್ದಾನೆ. ವೆಂಗಿನಾಡಿನ ವಂಗಿಪರ್ರು ಎಂಬ ಊರಿನ ಬ್ರಾಹ್ಮಣ ಮನೆತನ, ಶ್ರೀವತ್ಸ ಗೋತ್ರ. ತಂದೆ ಭೀಮಪಯ್ಯ. ತಾಯಿ ಅಬ್ಬಣಬ್ಬೆ, ಬೆಳ್ವೊಲನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಆದಿಕವಿಯ ತಾಯಿಯ ಹೆಸರು ನಮಗೆ ಸಿಕ್ಕಿದ್ದು ಈ ಬಂಡೆಯಿಂದ. ಸಾವಿರ ವರ್ಷ ಆ ಹೆಸರು ತೆಲುಗು ನಾಡಿನ ಒಂದು ಗುಡ್ಡದ ಮೇಲೆ ಬಿಸಿಲಿಗೆ, ಮಳೆಗೆ ಒಡ್ಡಿಕೊಂಡು ಕಾದಿತ್ತು.

ಇನ್ನೊಂದು ವಿಷಯ. ಈ ಶಾಸನದಲ್ಲಿರುವ ತೆಲುಗು ಕಂದಪದ್ಯಗಳು ತೆಲುಗಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಕಂದಪದ್ಯಗಳ ಪೈಕಿ ಬರುತ್ತವೆ. ತೆಲುಗಿನ ಆದಿಕವಿ ಅಂತ ಕರೆಯುವ ನನ್ನಯ ಬಂದದ್ದು ಇದಾದ ನೂರು ವರ್ಷದ ಮೇಲೆ. ಅಂದರೆ ಏನಾಯ್ತು? ನಮ್ಮ ಆದಿಕವಿಯ ತಮ್ಮ ಬರೆಸಿದ ಶಾಸನವನ್ನು ತೆಲುಗಿನವರು ತಮ್ಮ ಕಾವ್ಯದ ಹಳಮೆಗೆ ಸಾಕ್ಷಿಯಾಗಿ ತೋರಿಸ್ತಾರೆ. ನಾವು ಅದೇ ಬಂಡೆಯನ್ನು ಪಂಪನ ಜೀವನಕ್ಕೆ ಸಾಕ್ಷಿಯಾಗಿ ತೋರಿಸ್ತೀವಿ. ಯಾರು ಸರಿ? ಇಬ್ಬರೂ ಸರಿ. ಬಂಡೆ ಒಂದೇ, ಮನೆ ಒಂದೇ.

ಈಗ ಆ ಮನೆಯೊಳಗೆ ಹೋಗೋಣ.

ತಂದೆಯ ಕಡೆ ವೆಂಗಿ. ಕೃಷ್ಣಾ ಮತ್ತು ಗೋದಾವರಿ ನದಿಗಳು ಸಮುದ್ರ ಸೇರುವ ಕಡೆಯ ಫಲವತ್ತಾದ ನಾಡು. ತಾಯಿಯ ಕಡೆ ಬೆಳ್ವೊಲ. ಅಣ್ಣಿಗೇರಿ, ಗದಗ, ಲಕ್ಷ್ಮೇಶ್ವರ ಸುತ್ತಮುತ್ತಲ ಕಪ್ಪುಮಣ್ಣಿನ ಸೀಮೆ. ಎರಡರ ನಡುವೆ ಇವತ್ತು ರೈಲಿನಲ್ಲಿ ಹೋದರೂ ಒಂದು ರಾತ್ರಿ ಕಳೆಯಬೇಕು. ಹತ್ತನೇ ಶತಮಾನದಲ್ಲಿ ಆ ಎರಡು ಮನೆತನಗಳ ನಡುವೆ ಸಂಬಂಧ ಬೆಳೆದಿತ್ತು. ಇದು ವಿಚಿತ್ರವೇನೂ ಅಲ್ಲ. ಛಂದೋಂಬುಧಿ ಬರೆದ ಒಂದನೇ ನಾಗವರ್ಮನ ಮನೆತನದ ಮೂಲವೂ ವೆಂಗಿಯೇ. ರಾಷ್ಟ್ರಕೂಟರ ಕಾಲದಲ್ಲಿ ಪಂಡಿತರು, ಸೈನಿಕರು, ವ್ಯಾಪಾರಿಗಳು ಈ ದಾರಿಯಲ್ಲಿ ಓಡಾಡುತ್ತಲೇ ಇದ್ದರು. ಕವಿರಾಜಮಾರ್ಗ ಕನ್ನಡ ನಾಡಿನ ಗಡಿಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿದೆಯಲ್ಲ, ವೇಮುಲವಾಡ ಇರೋದು ಗೋದಾವರಿಯ ದಕ್ಷಿಣಕ್ಕೆ. ಆ ಕಾಲದ ಲೆಕ್ಕದಲ್ಲಿ ಪಂಪ ಗಡಿ ದಾಟಲೇ ಇಲ್ಲ. ಗಡಿಯೇ ಆಮೇಲೆ ಅವನನ್ನು ದಾಟಿಕೊಂಡು ಬಂತು.

ಭಾಷೆಯದ್ದು ಒಂದು ಬೆಸುಗೆ. ಇದಕ್ಕಿಂತ ದೊಡ್ಡ ಬೆಸುಗೆ ಧರ್ಮದ್ದು.

ಪಂಪನ ಪೂರ್ವಜ ಮಾಧವ ಸೋಮಯಾಜಿ. ಹೆಸರೇ ಹೇಳುತ್ತೆ, ಸೋಮಯಾಗ ಮಾಡಿದವರು. ವೇದ, ಯಜ್ಞ, ಅಗ್ನಿಯ ಮನೆ ಅದು. ಅಲ್ಲಿಂದ ಕೆಲವು ತಲೆಮಾರು ಕಳೆದ ಮೇಲೆ ಪಂಪನ ತಂದೆ ಒಂದು ನಿರ್ಧಾರ ಮಾಡಿದರು. ಜೈನ ಧರ್ಮ ಸ್ವೀಕರಿಸಿದರು. ಕಾವ್ಯದಲ್ಲಿ ಅವರ ಹೆಸರು ಅಭಿರಾಮದೇವರಾಯ.

ಒಂದು ಕ್ಷಣ ಯೋಚನೆ ಮಾಡಿ. ಸಾವಿರದ ನೂರು ವರ್ಷಗಳ ಹಿಂದೆ, ಯಜ್ಞಕ್ಕೆ ಹೆಸರಾದ ಮನೆಯ ಮಗ, ಅಹಿಂಸೆಯೇ ಪರಮ ಧರ್ಮ ಅನ್ನುವ ಮಾರ್ಗಕ್ಕೆ ಹೋಗ್ತಾನೆ. ಮನೆಯಲ್ಲಿ ಏನೆಲ್ಲಾ ನಡೆದಿರಬಹುದು? ಅದರ ದಾಖಲೆ ನಮ್ಮ ಹತ್ತಿರ ಇಲ್ಲ. ಆದರೆ ಮಗ ಅದನ್ನು ಹೇಗೆ ನೆನಪಿಟ್ಟುಕೊಂಡ ಅನ್ನೋದು ಇದೆ. ಪಂಪ ತನ್ನ ಕಾವ್ಯದಲ್ಲಿ ಮನೆತನದ ಬಗ್ಗೆ ಹೇಳುವಾಗ ಎರಡು ಮಾತು ಹೇಳುತ್ತಾನೆ. ಒಂದು, ಮಾಧವ ಸೋಮಯಾಜಿಯ ಬೆಳ್ಳನೆಯ ಕೀರ್ತಿಯನ್ನು ಹೋಮದ ಹೊಗೆ ಕಪ್ಪಾಗಿಸಿತು ಎಂಬರ್ಥದ ಮಾತು. ಇನ್ನೊಂದು, ತನ್ನ ತಂದೆಯ ಆಲೋಚನೆ: ಜಾತಿಗಳಲ್ಲಿ ಉತ್ತಮವಾದದ್ದು ವಿಪ್ರಕುಲ, ಆ ಕುಲಕ್ಕೆ ತಕ್ಕ ಧರ್ಮ ಜಿನಧರ್ಮ, ಹೀಗೆಂದು ನಂಬಿ ತಂದೆ ಆ ದಾರಿ ಹಿಡಿದರು ಎಂಬ ಮಾತು.

ಇದನ್ನು ಓದಿದಾಗ ನನಗೆ ಹಿಡಿಸಿದ್ದು ಇದರ ಪ್ರಾಮಾಣಿಕತೆ. ಪಂಪ ಪೂರ್ವಜನನ್ನು ಮುಚ್ಚಿಡಲಿಲ್ಲ. "ನಾವು ಹಳೆಯ ಕಾಲದಿಂದಲೂ ಜೈನರೇ" ಅಂತ ಹೊಸ ವಂಶಾವಳಿ ಕಟ್ಟಲಿಲ್ಲ. ಅತ್ತ ತಂದೆಯ ಕುಲಾಭಿಮಾನವನ್ನೂ ತೊಳೆದು ಹಾಕಲಿಲ್ಲ. ಮನುಷ್ಯರೆಲ್ಲಾ ಒಂದೇ ಜಾತಿ ಅನ್ನುವ ಅರ್ಥದ ಮಾತನ್ನು ನಾವು ಇವತ್ತು ಪ್ರತಿ ವೇದಿಕೆಯ ಮೇಲೂ ಪಂಪನ ಹೆಸರಲ್ಲಿ ಹೇಳ್ತೀವಿ. ಅದು ಆದಿಪುರಾಣದ್ದು. ಅದನ್ನು ಬರೆದ ಕೈಯೇ, ತಂದೆ ತನ್ನ ಕುಲವನ್ನು ಉತ್ತಮ ಅಂದುಕೊಂಡಿದ್ದರು ಅಂತಲೂ ಬರೆಯಿತು. ಎರಡೂ ಅವನ ಮನೆಯದ್ದೇ. ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ? ಅಜ್ಜನ ನಂಬಿಕೆ ಒಂದು, ಅಪ್ಪನದು ಇನ್ನೊಂದು, ನಮ್ಮದು ಮತ್ತೊಂದು. ಒಂದೇ ಅಡುಗೆಮನೆಯಲ್ಲಿ ಊಟ.

ಇಂಥ ಮನೆಯಿಂದ ಬಂದ ಕವಿ ಏನು ಬರೆಯಬಹುದು? ಒಂದು ಪುಸ್ತಕ ಬರೆದರೆ ಸಾಕಾಗುತ್ತಾ? ಸಾಕಾಗಲಿಲ್ಲ. ಎರಡು ಬರೆದ.

ಪಂಪ ಹುಟ್ಟಿದ್ದು 902ರಲ್ಲಿ. ಆದಿಪುರಾಣ ಮುಗಿದದ್ದು 941ರಲ್ಲಿ, ಮೂವತ್ತೊಂಬತ್ತರ ಹರೆಯದಲ್ಲಿ. ಅದು ಮೊದಲ ತೀರ್ಥಂಕರ ಆದಿನಾಥನ ಕಥೆ, ಅಪ್ಪ ಆರಿಸಿಕೊಂಡ ಧರ್ಮದ ಪುಸ್ತಕ. ಇನ್ನೊಂದು ವಿಕ್ರಮಾರ್ಜುನ ವಿಜಯ, ಅಂದರೆ ನಮ್ಮ ಪಂಪ ಭಾರತ. ವ್ಯಾಸರ ಮಹಾಭಾರತವನ್ನು ಆಧರಿಸಿದ್ದು, ಪೂರ್ವಜರ ಕಡೆಯಿಂದ ಬಂದ ಕಥೆ. ಒಂದನ್ನು ಮೂರು ತಿಂಗಳಲ್ಲಿ, ಇನ್ನೊಂದನ್ನು ಆರು ತಿಂಗಳಲ್ಲಿ ಮುಗಿಸಿದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಭಾರತಕ್ಕೆ ಆರು ತಿಂಗಳು! ಇಲ್ಲಿ ಲೌಕಿಕವನ್ನು ಬೆಳಗುತ್ತೇನೆ, ಅಲ್ಲಿ ಜಿನಾಗಮವನ್ನು ಬೆಳಗುತ್ತೇನೆ ಅಂತ ಎರಡಕ್ಕೂ ಬೇರೆ ಬೇರೆ ಕೋಣೆ ಮಾಡಿಟ್ಟ. ನಮ್ಮ ಹಳಗನ್ನಡದ ಸಂಪ್ರದಾಯ ನೋಡಿ. ಒಬ್ಬ ಕವಿ ಒಂದು ಆಗಮಿಕ ಕಾವ್ಯ, ಒಂದು ಲೌಕಿಕ ಕಾವ್ಯ ಬರೆಯೋದು ಪೊನ್ನ, ರನ್ನರ ಕಾಲಕ್ಕೆ ಒಂದು ಪದ್ಧತಿಯೇ ಆಯ್ತು. ಆ ಪದ್ಧತಿಗೆ ದಾರಿ ತೋರಿದವನ ಮನೆಯಲ್ಲಿ ಎರಡು ಪರಂಪರೆಗಳಿದ್ದವು ಅನ್ನೋದನ್ನು ಮರೆಯಬಾರದು.

ಈಗ ಭಾಷೆಗೆ ಬನ್ನಿ. ಪಂಪ ಬರೆದದ್ದು ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿ. ರಾಷ್ಟ್ರಕೂಟರ ಸಾಮಂತ ಅವನು. ಸುತ್ತಮುತ್ತ ತೆಲುಗು ಕೇಳಿಸುವ ಸೀಮೆ, ತಮ್ಮ ಬಂಡೆಯ ಮೇಲೆ ತೆಲುಗು ಪದ್ಯವನ್ನೂ ಬರೆಸಿದ. ಆದರೆ ಅಣ್ಣ ತನ್ನ ಕನ್ನಡ ಯಾವುದು ಅಂತ ಹೇಳುವಾಗ ಪುಲಿಗೆರೆಯ ತಿರುಳ್ಗನ್ನಡದ ಹೆಸರು ತೆಗೆದುಕೊಂಡ. ಪುಲಿಗೆರೆ ಅಂದರೆ ಇವತ್ತಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಅಣ್ಣಿಗೇರಿಯಿಂದ ಹೆಚ್ಚು ದೂರವಿಲ್ಲ. ಕವಿರಾಜಮಾರ್ಗದ ಕಾಲದಿಂದಲೂ ಆ ಸೀಮೆಯ ಕನ್ನಡಕ್ಕೆ ಗೌರವ ಇತ್ತು, ಅದೊಂದು ಕಾರಣ. ಆದರೆ ನಕ್ಷೆ ಹಿಡಿದು ನೋಡಿದಾಗ ನನಗೆ ಕಾಣೋದು ಇನ್ನೊಂದು. ಅದು ಅಬ್ಬಣಬ್ಬೆಯ ಸೀಮೆ. ಸಾವಿರ ವರ್ಷದ ಹಿಂದಿನ ಮಗನೊಬ್ಬ ದೂರದ ನಾಡಿನಲ್ಲಿ ಕೂತು ಅಮ್ಮನ ಕಡೆಯ ಕನ್ನಡದಲ್ಲಿ ಮಹಾಕಾವ್ಯ ಬರೆದ. ಇದು ನನ್ನ ಊಹೆ ಅಂತಲೇ ಇಟ್ಟುಕೊಳ್ಳಿ. ಆದರೆ ಮಾತೃಭಾಷೆ ಅನ್ನೋ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯಲ್ಲ.

ಬನವಾಸಿಯ ಹಂಬಲವನ್ನೂ ಹೀಗೇ ಓದಬೇಕು. ಅರ್ಜುನ ತೀರ್ಥಯಾತ್ರೆಗೆ ಹೊರಟವನು ಬನವಾಸಿಗೆ ಬರುತ್ತಾನೆ. ಆ ಜಾಗದಲ್ಲಿ ಕಥೆ ನಿಂತುಬಿಡುತ್ತೆ. ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಿದರೂ ಸಾಕು, ಇಲ್ಲೇ ಹುಟ್ಟಬೇಕು ಅನ್ನುವ ಆಸೆ, ತೆಂಕಣ ಗಾಳಿ ಬೀಸಿದರೆ ಊರು ನೆನಪಾಗುವ ಸಂಕಟ. ನಾವು ಆ ಸಾಲುಗಳನ್ನು ರಾಜ್ಯೋತ್ಸವದಲ್ಲಿ ಹಾಡಿ ಖುಷಿ ಪಡ್ತೀವಿ. ಕನ್ನಡಾಭಿಮಾನದ ಸಾಲು ಅಂತೀವಿ. ಹೌದು. ಆದರೆ ಒಂದು ಮಾತು ಕೇಳಿ. ಬನವಾಸಿಯಲ್ಲೇ ಮನೆ ಮಾಡಿಕೊಂಡು ಇರುವವನು ಬನವಾಸಿಗಾಗಿ ಹಾಗೆ ಹಂಬಲಿಸ್ತಾನಾ? ಅದು ದೂರ ಇರುವವನ ಸಾಲು. ದುಬೈನಲ್ಲಿ, ನ್ಯೂಜೆರ್ಸಿಯಲ್ಲಿ ಕೂತು ರಾತ್ರಿ ಹನ್ನೊಂದಕ್ಕೆ ನಮ್ಮ ಚಾನೆಲ್‌ನ ಆನ್‌ಲೈನ್‌ನಲ್ಲಿ ನೋಡುವ ಕನ್ನಡಿಗರಿಗೆ ಆ ಸಂಕಟ ಚೆನ್ನಾಗಿ ಗೊತ್ತು. ಇವತ್ತು ಕರ್ನಾಟಕ ಸರ್ಕಾರ ಪಂಪ ಪ್ರಶಸ್ತಿಯನ್ನು ಕದಂಬೋತ್ಸವದ ಹೊತ್ತಿಗೆ ಅದೇ ಬನವಾಸಿಯಲ್ಲಿ ಕೊಡುತ್ತೆ. ಮೊದಲು ಪಡೆದವರು ಕುವೆಂಪು, 1987ರಲ್ಲಿ. ಹೊರಗಿದ್ದು ಹಂಬಲಿಸಿದವನನ್ನು ನಾವು ಕೊನೆಗೂ ಅವನ ಆಸೆಯ ಊರಿಗೆ ಕರೆದುಕೊಂಡು ಬಂದಿದ್ದೇವೆ. ಒಳ್ಳೆಯ ಕೆಲಸ.

ಇನ್ನು ಕರ್ಣ.

ಪಂಪ ಭಾರತದ ನಾಯಕ ಅರ್ಜುನ. ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನ ಜೊತೆ ಸಮ ಮಾಡಿ ಬರೆದ ಕಾವ್ಯ ಅದು. ಅದಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಕೊನೆಗೆ ಪಟ್ಟ ಕಟ್ಟಿದ್ದೂ ಅರ್ಜುನನಿಗೆ, ಪಟ್ಟದರಸಿಯಾಗಿ ಕೂತವಳು ಸುಭದ್ರೆ. ರಾಜನಿಗೆ ಖುಷಿಯಾಗಬೇಕಾದ್ದೆಲ್ಲ ಅದರಲ್ಲಿದೆ. ಆದರೆ ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡಿ, ನೆನೆಯೋದಾದರೆ ಕರ್ಣನನ್ನು ನೆನೆಯಿರಿ ಅನ್ನುವ ಅರ್ಥದ ಮಾತು ಬರೋದೂ ಇದೇ ಕಾವ್ಯದಲ್ಲಿ. ರಾಜನ ಸಂಬಳ, ಅರ್ಜುನನ ಕಥೆ, ಆದರೆ ಮನಸ್ಸು ಕರ್ಣನ ಕಡೆ.

ಯಾಕೆ? ಕರ್ಣ ಹುಟ್ಟಿದ್ದು ಒಂದು ಮನೆಯಲ್ಲಿ, ಬೆಳೆದದ್ದು ಇನ್ನೊಂದು ಮನೆಯಲ್ಲಿ. ಜೀವನ ಪೂರ್ತಿ ಅವನನ್ನು ಜನ ಕೇಳಿದ ಪ್ರಶ್ನೆ ಒಂದೇ: "ನೀನು ಯಾರ ಮಗ? ನಿನ್ನ ಕುಲ ಯಾವುದು?" ನಮ್ಮ ಡಿಬೇಟ್‌ನ ಪ್ರಶ್ನೆ ಇದೇ ತಾನೇ? ಭೀಷ್ಮರಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವ ಸಂದರ್ಭದಲ್ಲಿ ಕರ್ಣ ವಿರೋಧಿಸ್ತಾನೆ. ಆಗ ದ್ರೋಣರು ಅವನ ಕುಲ ಎತ್ತಿ ಆಡ್ತಾರೆ. ಕರ್ಣ ಸುಮ್ಮನಿರಲ್ಲ. ಹುಟ್ಟಿನ ಕುಲ ಕುಲವೇ ಅಲ್ಲ, ಛಲ, ಗುಣ, ಸ್ವಾಭಿಮಾನ, ಪರಾಕ್ರಮ ಇವೇ ಕುಲ ಅನ್ನುವ ಅರ್ಥದಲ್ಲಿ ತಿರುಗಿಸಿ ಹೊಡೀತಾನೆ. ಅಪ್ಪ ಒಂದು ಧರ್ಮ ಬಿಟ್ಟು ಇನ್ನೊಂದಕ್ಕೆ ಬಂದ ಮನೆಯ ಮಗ, ಪರನಾಡಿನಲ್ಲಿ ನೆಲೆಸಿದ ಕವಿ, ಕವಿಯೂ ಹೌದು ಯೋಧನೂ ಹೌದು ಅನ್ನಿಸಿಕೊಂಡವನು, ಆ ಮಾತನ್ನು ಕರ್ಣನ ಬಾಯಲ್ಲಿ ಇಟ್ಟ. ಕುಲದ ಪ್ರಶ್ನೆ ಎಷ್ಟು ಚುಚ್ಚುತ್ತೆ ಅಂತ ಪುಸ್ತಕ ಓದಿ ಕಲಿತವನ ಬರವಣಿಗೆ ಅಂತ ನನಗೆ ಅನ್ನಿಸಲ್ಲ.

ಆದಿಪುರಾಣದಿಂದಲೂ ಒಂದು ಪ್ರಸಂಗ ಹೇಳಬೇಕು, ಯಾಕಂದರೆ ಅದು ನಮ್ಮನ್ನು ಮತ್ತೆ ಆ ಬಂಡೆಗೆ ಕರೆದುಕೊಂಡು ಹೋಗುತ್ತೆ. ಭರತ ಚಕ್ರವರ್ತಿ ದಿಗ್ವಿಜಯ ಮುಗಿಸಿ ವೃಷಭಾಚಲಕ್ಕೆ ಬರ್ತಾನೆ. ತನ್ನಂಥ ವೀರ ಇನ್ನೊಬ್ಬ ಇಲ್ಲ ಅನ್ನುವ ಅಹಂಕಾರ. ಬೆಟ್ಟದ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಬೇಕು ಅಂತ ನೋಡಿದರೆ ಜಾಗವೇ ಇಲ್ಲ! ಅವನಿಗಿಂತ ಮುಂಚೆ ಬಂದ ಚಕ್ರವರ್ತಿಗಳ ಹೆಸರುಗಳು ಬಂಡೆ ತುಂಬಾ. ಗರ್ವ ಇಳಿದುಹೋಗುತ್ತೆ. ಕೊನೆಗೆ ಒಬ್ಬನ ಹೆಸರನ್ನು ಅಳಿಸಿ ಆ ಜಾಗದಲ್ಲಿ ತನ್ನ ಹೆಸರು ಬರೆಸ್ತಾನೆ.

ಈಗ ಕುರಿಕ್ಯಾಲದ ಶಾಸನ ನೋಡಿ. ತಮ್ಮ ಜಿನವಲ್ಲಭ ಆ ಗುಡ್ಡವನ್ನು ಕರೆದದ್ದು ವೃಷಭಗಿರಿ ಅಂತ. ಅಣ್ಣನ ಕಾವ್ಯದಲ್ಲಿ ವೃಷಭಾಚಲ, ತಮ್ಮನ ಬಂಡೆಯಲ್ಲಿ ವೃಷಭಗಿರಿ. ಆದರೆ ತಮ್ಮ ಯಾರ ಹೆಸರನ್ನೂ ಅಳಿಸಲಿಲ್ಲ. ಅಜ್ಜನ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಅಮ್ಮನ ಅಜ್ಜನ ಹೆಸರು, ಅಣ್ಣನ ಹೆಸರು, ಎಲ್ಲವನ್ನೂ ಬರೆಸಿದ. ಜೈನ ಮೂರ್ತಿಗಳ ಪಕ್ಕದಲ್ಲೇ ಬ್ರಾಹ್ಮಣ ಗೋತ್ರ ಬರೆಸಿದ. ಸಂಸ್ಕೃತ, ಕನ್ನಡ, ತೆಲುಗು ಮೂರಕ್ಕೂ ಜಾಗ ಮಾಡಿದ. ಅಣ್ಣನಿಗೆ ಅರಿಕೇಸರಿ ಧರ್ಮವುರ ಅನ್ನುವ ಅಗ್ರಹಾರ ಕೊಟ್ಟದ್ದನ್ನು ದಾಖಲಿಸಿದ. ಒಂದು ಬಸದಿ ಕಟ್ಟಿಸಿದ, ಒಂದು ಉದ್ಯಾನ ಮಾಡಿಸಿದ, ಒಂದು ಕೆರೆ ಕಟ್ಟಿಸಿದ. ಆ ಕೆರೆಗೆ ಇಟ್ಟ ಹೆಸರು ಕವಿತಾಗುಣಾರ್ಣವ. ಅದು ಅಣ್ಣನ ಬಿರುದು. ಕವಿಯ ಹೆಸರಲ್ಲಿ ಕೆರೆ! ರಸ್ತೆಗೆ, ಸರ್ಕಲ್‌ಗೆ ಹೆಸರಿಡುವುದಕ್ಕೇ ಜಗಳ ಆಡುವ ನಮಗೆ ಇದು ಸ್ವಲ್ಪ ನಾಚಿಕೆ ತರಿಸಬೇಕು.

ಕರೀಂನಗರ ಗ್ರಾನೈಟ್‌ಗೆ ಹೆಸರಾದ ಜಿಲ್ಲೆ. ಅಲ್ಲಿ ಬಂಡೆಗೆ ಟನ್ ಲೆಕ್ಕದಲ್ಲಿ ಬೆಲೆ ಇದೆ. ಅಂಥ ಕಡೆ ಒಂದು ಬಂಡೆ ಅಕ್ಷರದ ಕಾರಣಕ್ಕೆ ಉಳಿಯೋದು ಸುಲಭದ ಮಾತಲ್ಲ. ಅದನ್ನು ಕಾಯಬೇಕಾದ ಹೊಣೆ ತೆಲಂಗಾಣದ್ದು ಮಾತ್ರವಾ? ನಮ್ಮದೂ ಅಲ್ವಾ? "ಅದು ನಮ್ಮ ರಾಜ್ಯದಲ್ಲಿಲ್ಲ" ಅಂತ ಕೈತೊಳೆದುಕೊಂಡರೆ ಆದಿಕವಿಯ ಅಮ್ಮನ ಹೆಸರನ್ನೇ ಕೈಬಿಟ್ಟ ಹಾಗೆ.

"ಸರಿ ಸರ್, ಅದು ಸಾವಿರ ವರ್ಷದ ಹಿಂದಿನ ಮಾತು. ಈಗಿನ ಕಾಲದ್ದು ಹೇಳಿ" ಅಂತೀರಾ? ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಕನ್ನಡಕ್ಕೆ ಎಂಟು ಜ್ಞಾನಪೀಠ ಅಂತ ಎದೆ ತಟ್ಟಿ ಹೇಳ್ತೀವಲ್ಲ. ಆ ಎಂಟರಲ್ಲಿ ಮೂರು ಜನರ ಮನೆಮಾತು ಕನ್ನಡ ಅಲ್ಲ. ಬೇಂದ್ರೆಯವರದು ಮರಾಠಿ. ಮಾಸ್ತಿಯವರದು ತಮಿಳು. ಗಿರೀಶ ಕಾರ್ನಾಡರದು ಕೊಂಕಣಿ. "ಮನೇಲಿ ಯಾವ ಭಾಷೆ?" ಅನ್ನುವ ಪರೀಕ್ಷೆ ಇಟ್ಟರೆ ಎಂಟು ಐದಕ್ಕೆ ಇಳಿಯುತ್ತೆ. ಆ ಮೂರನ್ನು ವಾಪಸ್ ಕೊಡೋಕೆ ಯಾರು ತಯಾರಿದ್ದೀರಿ, ಹೇಳಿ?

ಬೇಂದ್ರೆ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು. ಕಾವ್ಯನಾಮವಾಗಿ ಇಟ್ಟುಕೊಂಡದ್ದು ತಾಯಿಯ ಹೆಸರನ್ನು: ಅಂಬಿಕಾತನಯದತ್ತ. ಮರಾಠಿ ಮನೆಯಿಂದ ಬಂದ ಆ ಮನುಷ್ಯ ಧಾರವಾಡದ ಬೀದಿಯ ಕನ್ನಡವನ್ನು ಹಾಡು ಮಾಡಿದ ಹಾಗೆ ಮಾಡಿದವರು ಇನ್ನೊಬ್ಬರಿಲ್ಲ. ಕಿವಿ ಎರಡು ಭಾಷೆಯಲ್ಲಿ ಪಳಗಿದ್ದರೆ ಪದದ ನಾದ ಬೇಗ ಸಿಗುತ್ತೋ ಏನೋ. ಮಾಸ್ತಿ ತಮಿಳು ಮನೆಮಾತಿನ ಶ್ರೀವೈಷ್ಣವ ಮನೆಯವರು, ಕಾವ್ಯನಾಮ ಶ್ರೀನಿವಾಸ. ಕೊಡಗಿನ ಕೊನೆಯ ಅರಸನ ಬಗ್ಗೆ ಬರೆದ ಚಿಕವೀರ ರಾಜೇಂದ್ರಕ್ಕೆ ಜ್ಞಾನಪೀಠ ಬಂತು.

ಕಾರ್ನಾಡರ ಮನೆಯ ಕಥೆ ಇನ್ನೂ ಗಾಢ. ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ, 1938ರಲ್ಲಿ. ಬೆಳೆದದ್ದು ಶಿರಸಿ, ಧಾರವಾಡ. ಅವರ ತಾಯಿ ಕೃಷ್ಣಾಬಾಯಿ ಎಳೆಯ ವಯಸ್ಸಿನಲ್ಲೇ ವಿಧವೆಯಾದವರು, ಒಬ್ಬ ಮಗನ ತಾಯಿ. ನರ್ಸಿಂಗ್ ಕಲಿತು ತಮ್ಮ ಕಾಲ ಮೇಲೆ ನಿಂತರು. ಡಾಕ್ಟರ್ ರಘುನಾಥ ಕಾರ್ನಾಡರನ್ನು ಮರುಮದುವೆಯಾಗಲು ಸಮಾಜದ ಭಯದಲ್ಲಿ ವರ್ಷಗಟ್ಟಲೆ ಕಾಯಬೇಕಾಯ್ತು. ಗಿರೀಶ ಹೊಟ್ಟೆಯಲ್ಲಿದ್ದಾಗ, ಈ ಮಗು ಬೇಡ ಅಂದುಕೊ೦ಡು ಪುಣೆಯ ಒಬ್ಬ ವೈದ್ಯೆಯ ಬಳಿ ಹೋಗಿದ್ದರು. ವೈದ್ಯೆ ಸಮಯಕ್ಕೆ ಬರಲಿಲ್ಲ. ಕಾದು ಕಾದು ವಾಪಸ್ ಬಂದರು. ಇದನ್ನು ಕಾರ್ನಾಡರೇ 2011ರ ಆತ್ಮಕಥೆ 'ಆಡಾಡತ ಆಯುಷ್ಯ'ದಲ್ಲಿ ಹೇಳಿದ್ದಾರೆ. ಇಂಗ್ಲಿಷ್ ಕವಿಯಾಗಬೇಕು ಅಂತ ಕನಸು ಕಂಡಿದ್ದ ಹುಡುಗ, ವಿದೇಶಕ್ಕೆ ಹೊರಡುವ ಹೊತ್ತಿಗೆ, ಮನೆಯವರ ನಿರೀಕ್ಷೆಗಳ ಭಾರದ ನಡುವೆ, ತನಗೇ ಆಶ್ಚರ್ಯವಾಗುವಂತೆ ಬರೆದದ್ದು ಕನ್ನಡದಲ್ಲಿ. ನಾಟಕದ ಹೆಸರು ಯಯಾತಿ. ಅಪ್ಪನ ಆಸೆಗಾಗಿ ಮಗ ತನ್ನ ಯೌವನ ಕೊಡುವ ಕಥೆ! ಮನೆಯ ಕಥೆ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಇನ್ನೂ ಹತ್ತಿರಕ್ಕೆ ಬರೋಣ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಪುಸ್ತಕ 'ಹಾರ್ಟ್ ಲ್ಯಾಂಪ್', ಅನುವಾದ ದೀಪಾ ಭಾಸ್ತಿ ಅವರದು. ಬಾನು ಅವರ ಮನೆಮಾತು ದಖ್ಖನಿ ಉರ್ದು. ಎಂಟು ವರ್ಷದ ಮಗಳನ್ನು ತಂದೆ ಶಿವಮೊಗ್ಗದಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಓದು ಬರಹ ಕಲಿಯಬೇಕು ಅನ್ನುವ ಷರತ್ತು. ಕೆಲವೇ ದಿನಗಳಲ್ಲಿ ಹುಡುಗಿ ಬರೆಯತೊಡಗಿದಳು. ಒಬ್ಬ ಅಪ್ಪನ ಒಂದು ನಿರ್ಧಾರ, ಅರವತ್ತು ಚಿಲ್ಲರೆ ವರ್ಷದ ಮೇಲೆ ಕನ್ನಡಕ್ಕೆ ಬೂಕರ್. ಅದೇ ವರ್ಷ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಎಷ್ಟು ದಿನ ಚರ್ಚೆ ನಡೆಯಿತು ಅಂತ ನಿಮಗೆ ಗೊತ್ತು. ವಿಷಯ ಕೋರ್ಟ್ ಮೆಟ್ಟಿಲೂ ಹತ್ತಿತು. ಕೊನೆಗೆ ಅವರೇ ಉದ್ಘಾಟಿಸಿದರು. 2017ರಲ್ಲಿ ಅದೇ ದಸರಾವನ್ನು ಉದ್ಘಾಟಿಸಿದ್ದವರು ನಿತ್ಯೋತ್ಸವದ ಕವಿ ನಿಸಾರ್ ಅಹಮದ್. ಒಬ್ಬರ ಅಭಿಪ್ರಾಯಗಳನ್ನು ಒಪ್ಪೋದು, ಬಿಡೋದು ನಿಮ್ಮ ಹಕ್ಕು. ಅದರ ಬಗ್ಗೆ ಜಗಳ ಆಡಿ, ತಪ್ಪಿಲ್ಲ. ಆದರೆ "ಇವರು ನಮ್ಮವರಾ?" ಅನ್ನುವ ಪ್ರಶ್ನೆಗೆ ಉತ್ತರ ಅವರ ಪುಸ್ತಕದಲ್ಲಿದೆ, ಮನೆಯ ಬಾಗಿಲಲ್ಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ನ್ಯಾಯವಾದದ್ದೇ. "ಹಾಗಾದರೆ ಹತ್ತು ವರ್ಷ ಬೆಂಗಳೂರಿನಲ್ಲಿದ್ದು ಒಂದು ಪದ ಕನ್ನಡ ಕಲಿಯದವರೂ ಕನ್ನಡಿಗರೇನಾ?" ಇಲ್ಲ, ನಾನು ಹೇಳ್ತಿರೋದು ಅದಲ್ಲ. ಮೇಲೆ ಹೇಳಿದ ಒಬ್ಬೊಬ್ಬರನ್ನೂ ನೋಡಿ. ಅವರು ಕನ್ನಡಕ್ಕೆ ಬಂದದ್ದು ಬೆವರು ಸುರಿಸಿ. ಕಲಿತರು, ಓದಿದರು, ಬರೆದರು, ಭಾಷೆಯನ್ನು ಬೆಳೆಸಿದರು. ಮನೆಯಲ್ಲಿ ಎರಡು ಪರಂಪರೆ ಇದ್ದ ಮಾತ್ರಕ್ಕೆ ಯಾರೂ ಪಂಪ ಆಗಲ್ಲ. ಎರಡನ್ನೂ ಗೌರವದಿಂದ ಹೊತ್ತು, ದುಡಿದು, ಅದರಿಂದ ಮೂರನೆಯದನ್ನು ಕಟ್ಟಬೇಕು. ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಮೊದಲು ಕಲಿಸಿದ ಪಾಠ ನೆನಪಿದೆ: ಶುದ್ಧ ಕಬ್ಬಿಣ ಮೆತ್ತಗಿರುತ್ತೆ. ಅದಕ್ಕೆ ಸ್ವಲ್ಪವೇ ಸ್ವಲ್ಪ ಇಂಗಾಲ ಸೇರಿದರೆ ಉಕ್ಕು. ಆದರೆ ಸುಮ್ಮನೆ ಪಕ್ಕದಲ್ಲಿಟ್ಟರೆ ಸೇರಲ್ಲ. ಕುಲುಮೆಯ ಬೆಂಕಿ ಬೇಕು. ಕಲಿಕೆ, ದುಡಿಮೆ ಅಂದರೆ ಆ ಬೆಂಕಿ.

ಹಾಗಾಗಿ ವೀಕ್ಷಕರೇ, ಮುಂದಿನ ಸಲ ಯಾರಾದರೂ "ಅವರ ಮನೇಲಿ ಯಾವ ಭಾಷೆ, ಅವರ ಅಜ್ಜ ಯಾವ ಊರಿನವರು, ಅವರ ಅಪ್ಪ ಯಾವ ಧರ್ಮದವರು" ಅಂತ ಶುರು ಮಾಡಿದರೆ, ಬಾಯಿ ಮುಚ್ಚಿಸಬೇಡಿ. ಪ್ರಶ್ನೆ ಒಳ್ಳೆಯದೇ. ಮನೆತನ ತಿಳಿದರೆ ಕೃತಿ ಇನ್ನೂ ಚೆನ್ನಾಗಿ ಅರ್ಥವಾಗುತ್ತೆ, ಪಂಪನ ವಿಷಯದಲ್ಲಿ ಇಷ್ಟು ಹೊತ್ತು ನಾವು ಮಾಡಿದ್ದೂ ಅದನ್ನೇ. ಒಂದೇ ಒಂದು ಮಾತು ಸೇರಿಸಿ ಹೇಳಿ. ಮನೆ ಹುಡುಕೋದು ಅರ್ಥ ಮಾಡಿಕೊಳ್ಳೋಕೆ ಇರಲಿ, ಹೊರಗೆ ಹಾಕೋಕೆ ಬೇಡ. ಭರತ ಚಕ್ರವರ್ತಿ ತನ್ನ ಹೆಸರಿಗಾಗಿ ಇನ್ನೊಬ್ಬನ ಹೆಸರು ಅಳಿಸಿದ. ಜಿನವಲ್ಲಭ ಎಲ್ಲರ ಹೆಸರನ್ನೂ ಬರೆಸಿದ. ಕನ್ನಡದ ಬಂಡೆ ದೊಡ್ಡದು. ಇನ್ನೂ ಬೇಕಾದಷ್ಟು ಜಾಗ ಇದೆ.